ಒಗೆದಿಟ್ಟ ನೇರಳೆ ಟೀಶರ್ಟು

ಹೊಸದಾಗಿ ನಮ್ಮ ಬೀದಿಗೆ ಬಂದವರು ಹೊಲಿಗೆಯಮ್ಮ ಎಂಬ ಹೆಸರು ಕೇಳಿ ಹರಿದ ಪ್ಯಾಂಟು ಹಿಡಿದುಕೊಂಡು ಹೋಗುವುದಿತ್ತು. ಅವರು ಪ್ಯಾಂಟನ್ನು ಅತ್ತಿತ್ತ ತಿರುಗಿಸಿ ನೋಡಿ, "ಇದರೊಳಗಿನ ಕಾಲು ಹರಿದಿದ್ರೆ ಕರ್ಕೊಂಡು ಬಾ, ಹಾಕಿಕೊಡ್ತೀನಿ" ಎಂದು ವಾಪಸು ಕೊಡುತ್ತಿದ್ದರು. ಅವರು ಹೊಲಿಯುತ್ತಿದ್ದದ್ದು ಗಾಯಗಳನ್ನು.

ಬಸ್ ನಿಲ್ದಾಣದ ಹಿಂದೆ, ಮಾರುಕಟ್ಟೆ ಬೀದಿ ತಿರುಗುವಲ್ಲಿ ಡಾಕ್ಟರ ಕ್ಲಿನಿಕ್ಕು. ಮುಂದಿನ ಕೋಣೆಯಲ್ಲಿ ಎರಡು ಬೆಂಚು, ಗೋಡೆಗೆ ಒಂದು ಟೀವಿ. ಹಿಂದಿನ ಕೋಣೆಯಲ್ಲಿ ರೆಕ್ಸಿನ್ ಹೊದಿಸಿದ ಮೇಜು, ಒಂದು ನಲ್ಲಿ, ಕತ್ತರಿ ಸೂಜಿಗಳು ಕುದಿಯುವ ಪಾತ್ರೆ. ಗಂಡ ತೀರಿಕೊಂಡ ಮೇಲೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಅಲ್ಲಿಗೆ ಕಸ ಗುಡಿಸಲು ಬಂದವರು ಅವರು. ಗುಡಿಸುತ್ತ, ಒರೆಸುತ್ತ, ರಕ್ತದ ಬಟ್ಟೆ ಒಗೆಯುತ್ತ ಡಾಕ್ಟರ ಕೈಯನ್ನು ನೋಡುತ್ತಿದ್ದರು. ವಯಸ್ಸಾದಂತೆ ಡಾಕ್ಟರ ಕೈ ನಡುಗತೊಡಗಿತು. ಒಂದು ಬೆಳಿಗ್ಗೆ ಕಲ್ಲು ಒಡೆಯುವವನೊಬ್ಬನ ಸೀಳಿದ ಮೊಣಕಾಲಿನ ಮುಂದೆ ಸೂಜಿ ಹಿಡಿದು ಸುಮ್ಮನೆ ಕೂತುಬಿಟ್ಟರಂತೆ. ಆಮೇಲೆ, "ನೀನೇ ಹಾಕಮ್ಮ. ನನ್ನ ಕೈ ಇವತ್ತು ನನ್ನ ಮಾತು ಕೇಳ್ತಿಲ್ಲ" ಅಂದರಂತೆ. ಅಂದಿನಿಂದ ಇಂಜೆಕ್ಷನ್ನು, ಔಷಧಿ ಚೀಟಿ ಡಾಕ್ಟರದು, ಹೊಲಿಗೆ ಅಮ್ಮನದು. ಪ್ರತಿ ಗಾಯಕ್ಕೂ ಮೊದಲ ಸಲ ಸೂಜಿ ಚುಚ್ಚುವ ಮುಂಚೆ ಅವರು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಏನಮ್ಮ ಅದು ಮಂತ್ರ ಎಂದು ಯಾರಾದರೂ ಕೇಳಿದರೆ, ಇದು ಅವನು ಮಾಡಿ ಕಳಿಸಿದ ಚರ್ಮ, ಚುಚ್ಚುವುದಕ್ಕೆ ಮುಂಚೆ ಅವನನ್ನು ಒಂದು ಮಾತು ಕೇಳಬೇಡವೇ ಎನ್ನುತ್ತಿದ್ದರು.

ಕಂಕುಳಲ್ಲಿದ್ದ ಮಗು ಬೆಳೆದು ಸಾಮಾನು ಸಾಗಿಸುವ ವ್ಯಾನಿನ ಡ್ರೈವರ್ ಆದ. ಮದುವೆಯೂ ಆಯಿತು. ಸೊಸೆ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಾತು ಚುರುಕು, ಅತ್ತೆಯ ಮೇಲೆ ಪ್ರೀತಿ. ಮಗ ಮೃದು ಸ್ವಭಾವದವನು, ಆದರೆ ಯಾರಾದರೂ ಬೆನ್ನು ತಟ್ಟಿದರೆ ಸಾಕು, ಉಬ್ಬಿಹೋಗುತ್ತಿದ್ದ. ಆ ವರ್ಷ ಪಾರ್ಲಿಮೆಂಟ್ ಚುನಾವಣೆ ಬಂದಾಗ ಗರಗಸ ಗುರುತಿನ ಪಕ್ಷದವರು ಅವನ ವ್ಯಾನಿಗೆ ಮೈಕು ಕಟ್ಟಿದರು, ಬೆನ್ನು ತಟ್ಟಿದರು. ತಟ್ಟಿದವನ ಹೆಸರು ಲಾರಿ. ಹಿಂದೆ ಲಾರಿ ಓಡಿಸುತ್ತಿದ್ದನೋ, ಬ್ರೇಕಿಲ್ಲದ ಸ್ವಭಾವಕ್ಕೆ ಆ ಹೆಸರು ಬಂತೋ ಯಾರಿಗೂ ನೆನಪಿರಲಿಲ್ಲ. ಮಾರುಕಟ್ಟೆಯ ಈ ತುದಿಯಲ್ಲಿ ಗರಗಸದವರ ಸಭೆಯಿದ್ದರೂ ಗಲಾಟೆಯಿದ್ದರೂ ಮುಂದೆ ಅವನೇ. "ಲಾರಿ ಅಣ್ಣ ನನ್ನನ್ನ ತಮ್ಮ ಅಂತಾನೇ ಕರೆಯೋದು" ಎಂದು ಮಗ ಮನೆಗೆ ಬಂದು ಹೇಳಿದಾಗ ಸೊಸೆ, "ಹೌದೌದು, ಅಣ್ಣಂದಿರಿಗೆಲ್ಲ ವ್ಯಾನು ಇರೋ ತಮ್ಮಂದಿರನ್ನ ಕಂಡ್ರೆ ಪ್ರಾಣ" ಅಂದಿದ್ದಳು.

ಯಾವ ಪಕ್ಷ ಗೆದ್ದರೂ ಸೋತರೂ ಹೊಲಿಗೆಯಮ್ಮನಿಗೆ ಒಂದೇ. ದಿನಾ ಬೆಳಿಗ್ಗೆ ದೀಪ ಹಚ್ಚಿ ಅವರು ಕೇಳುತ್ತಿದ್ದದ್ದು ಇಷ್ಟೇ: ಇದೆಲ್ಲ ಮುಗಿಯುವ ಹೊತ್ತಿಗೆ ನನ್ನ ಮಗ ಹೋದ ಹಾಗೆಯೇ ಮನೆಗೆ ಬರಲಿ.

ಆ ಚುನಾವಣೆಯಲ್ಲಿ ನಿಂತ ಪಕ್ಷಗಳ ಲೆಕ್ಕ ಹಿಡಿಯುವುದೇ ಕಷ್ಟವಿತ್ತು. ನಮ್ಮ ಬೀದಿಯ ಮಟ್ಟಿಗೆ ಹೇಳಬೇಕೆಂದರೆ, ಹಳದಿ ಬಣ್ಣದ ಗರಗಸದವರು ಒಂದು ತುದಿಯಲ್ಲಿ, ನೇರಳೆ ಬಣ್ಣದ ಕೊಡೆಯವರು ಇನ್ನೊಂದು ತುದಿಯಲ್ಲಿ. ನಡುವೆ ಸೇತುವೆ ಗುರುತಿನವರು ಅಷ್ಟಿಷ್ಟು ಇದ್ದರು. ಅವರನ್ನು ಹೊಡೆಯುವುದಕ್ಕೂ ಯಾರಿಗೂ ಪುರುಸೊತ್ತಿರಲಿಲ್ಲ. ಪಕ್ಷಗಳು ಪುಕ್ಕಟೆ ಟೀಶರ್ಟು ಹಂಚಿದವು. ವಾರವೊಂದು ಕಳೆಯುವಷ್ಟರಲ್ಲಿ ಇಡೀ ಮಾರುಕಟ್ಟೆ ಹಳದಿ ಮತ್ತು ನೇರಳೆ ಆಯಿತು, ಆಮೇಲೆ ಎರಡರ ಮೇಲೂ ಕೆಂಪು ಹತ್ತಿತು.

ಮೊದಮೊದಲು ಪೋಸ್ಟರು ಹರಿಯುವುದರಲ್ಲಿ ಮುಗಿಯುತ್ತಿತ್ತು. ಆಮೇಲೆ ಕಲ್ಲು ಬಂತು, ಸೈಕಲ್ ಚೈನು ಬಂತು, ಸೋಡಾ ಬಾಟಲಿ ಬಂತು. ಕೊಡೆಯವರ ಸಭೆಗೆ ಗರಗಸದವರು ನುಗ್ಗಿ ಭಾಷಣ ಮಾಡುತ್ತಿದ್ದವನ ಬಾಯಿಗೆ ಮೈಕನ್ನೇ ತುರುಕಿ ಹಲ್ಲು ಮುರಿದರು. ಮರುದಿನ ಕೊಡೆಯವರು ಗರಗಸದ ಕಚೇರಿಯ ಶಟರನ್ನು ಅರ್ಧ ಎಳೆದು, ಒಳಗಿದ್ದವರು ಬಗ್ಗಿ ಹೊರಬರುವಾಗ ಒಬ್ಬೊಬ್ಬರ ಬೆನ್ನಿಗೂ ಕಬ್ಬಿಣದ ಪೈಪು ಬೀಸಿದರು. ತರಕಾರಿ ಮಾರುವ ಮುದುಕನೊಬ್ಬ ಯಾವ ಪಕ್ಷಕ್ಕೂ ಸೇರದವನು. ಬಿಸಿಲಿಗೆಂದು ಸಿಕ್ಕ ಹಳದಿ ಬಟ್ಟೆ ತಲೆಗೆ ಸುತ್ತಿದ್ದಕ್ಕೆ ಅವನ ತಕ್ಕಡಿಯ ತೂಕದ ಕಲ್ಲಿನಿಂದಲೇ ಅವನ ದವಡೆ ಒಡೆದರು. ಬರಬರುತ್ತ ಹೊಡೆತ ನೋಡಿಯೇ ಪಕ್ಷ ಹೇಳಬಹುದಾಯಿತು. ಕೊಡೆಯವರು ನೆತ್ತಿಗೆ ಹೊಡೆಯುತ್ತಿದ್ದರು, ಗರಗಸದವರು ಮೊಣಕಾಲಿಗೆ.

ಎಲ್ಲರೂ ಬರುತ್ತಿದ್ದದ್ದು ಈ ಕ್ಲಿನಿಕ್ಕಿಗೇ. ದೊಡ್ಡಾಸ್ಪತ್ರೆಗೆ ಹೋದರೆ ಪೊಲೀಸು, ಹೇಳಿಕೆ, ಸಹಿ. ಇಲ್ಲಿ ಹೊಲಿಗೆಯಮ್ಮ ಹೇಗಾಯಿತು ಎಂದು ಕೇಳುತ್ತಿರಲಿಲ್ಲ, ಎಷ್ಟು ಹೊತ್ತಾಯಿತು ಎಂದು ಮಾತ್ರ ಕೇಳುತ್ತಿದ್ದರು. ಆದರೆ ಎರಡು ಕಡೆಯವರೂ ಒಟ್ಟಿಗೆ ಬಂದು ಬೆಂಚಿನ ಮೇಲೆಯೇ ಮತ್ತೆ ಶುರುಮಾಡಿದ ಮೇಲೆ ಅವರೊಂದು ಪದ್ಧತಿ ಮಾಡಿದರು. ಬಾಗಿಲಲ್ಲಿ ಖಾಲಿ ಡ್ರಮ್ಮು ಇಟ್ಟರು. ಕೈಯಲ್ಲಿದ್ದದ್ದು ಅದಕ್ಕೆ ಬೀಳಬೇಕು. ಪಕ್ಕದಲ್ಲಿ ಬುಟ್ಟಿ, ಮೈಮೇಲಿನ ಬಣ್ಣ ಅದಕ್ಕೆ ಬೀಳಬೇಕು. ಬಂದವರೆಲ್ಲ ಬರಿಮೈಯಲ್ಲಿ ಬಿಳಿ ಶೀಟು ಹೊದ್ದು ಕೂರಬೇಕು. ಶೀಟು ಹೊದ್ದವರು ಪಕ್ಕದವನು ಯಾರೆಂದು ತಿಳಿಯದೆ ಪೆಚ್ಚಾಗಿ ಟೀವಿ ನೋಡುತ್ತಿದ್ದರು. ಹೋಗುವಾಗ ಅವರವರ ಬಟ್ಟೆಯನ್ನು ಅಮ್ಮನೇ ನೋಡಿ ನೋಡಿ ಕೊಡುತ್ತಿದ್ದರು. ಬಿಟ್ಟುಹೋದದ್ದನ್ನು ಒಗೆದು ಮಡಚಿ ಇಡುತ್ತಿದ್ದರು, ಕೇಳಿಕೊಂಡು ಬಂದರೆ ಕೊಡಲೆಂದು.

"ಹೊಲಿಗೆಯಮ್ಮ, ನೀವೇ ನಿಂತುಬಿಡಿ. ಎಲ್ಲಾ ಪಕ್ಷದ ತಲೆನೂ ನಿಮ್ಮ ಕೈಯಲ್ಲೇ ಇದೆ" ಎಂದು ಒಬ್ಬ ಹಣೆ ಹೊಲಿಸಿಕೊಳ್ಳುತ್ತ ಹೇಳಿದ.

"ಬಾಯಿ ಮುಚ್ಚು. ಹುಬ್ಬು ಮೇಲಕ್ಕೆ ಹೋದ್ರೆ ಅಲ್ಲೇ ಹೊಲಿದುಬಿಡ್ತೀನಿ, ಜೀವಮಾನ ಆಶ್ಚರ್ಯಪಟ್ಕೊಂಡೇ ಓಡಾಡಬೇಕಾಗುತ್ತೆ" ಅಂದರು ಅಮ್ಮ.

ಮತದಾನ ಮುಗಿಯಿತು. ಎಣಿಕೆಯ ದಿನ ಬೆಳಗಿನಿಂದ ಟೀವಿಯಲ್ಲಿ ಅಂಕಿಗಳು ಏರಿದವು, ಇಳಿದವು, ಕೊನೆಗೆ ನಿಂತವು. ಅರ್ಧದ ಗೆರೆಯನ್ನು ಯಾರೂ ದಾಟಿರಲಿಲ್ಲ. ಗರಗಸಕ್ಕೆ ಹೆಚ್ಚು ಸ್ಥಾನ, ಕೊಡೆಗೆ ಸ್ವಲ್ಪ ಕಡಿಮೆ, ಸೇತುವೆಯವರಿಗೆ ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಯವರು ಇದ್ದಕ್ಕಿದ್ದಂತೆ ದೊಡ್ಡ ಮನುಷ್ಯರಾದರು. ಯಾರೂ ಗೆಲ್ಲದ ಚುನಾವಣೆಯಲ್ಲಿ ಎಲ್ಲರೂ ತಾವೇ ಗೆದ್ದೆವೆಂದು ಬೀದಿಗಿಳಿದದ್ದರಿಂದ ಆ ಸಂಜೆ ಪ್ರಚಾರದ ದಿನಗಳಿಗಿಂತ ಹೆಚ್ಚು ರಕ್ತ ಹರಿಯಿತು. ಮಗನ ವ್ಯಾನಿನ ಮುಂದಿನ ಗಾಜು ಒಡೆದು ಒಳಬಂದ ಬಾಟಲಿ ಅವನ ಹಣೆಯನ್ನು ಹುಬ್ಬಿನಿಂದ ಕೂದಲಿನವರೆಗೆ ಸೀಳಿತು.

ತಮ್ಮ ಮಗನನ್ನು ತಾವೇ ಹೊಲಿದರು ಅಮ್ಮ. ಅಂದು ಕಣ್ಣು ಮುಚ್ಚಿದವರು ಬೇಗ ತೆರೆಯಲಿಲ್ಲ. ಡಾಕ್ಟರು ಭುಜ ಮುಟ್ಟಿ ಎಚ್ಚರಿಸಬೇಕಾಯಿತು. ತಲೆಗೆ ದಪ್ಪನಾಗಿ ಪಟ್ಟಿ ಸುತ್ತಿ ಕ್ಲಿನಿಕ್ಕಿನ ಮಂಚದ ಮೇಲೆಯೇ ಮಲಗಿಸಿದರು.

ಬೆಳಿಗ್ಗೆ ಟೀವಿ ಹಾಕಿದರೆ ಗರಗಸದ ನಾಯಕರೂ ಕೊಡೆಯ ನಾಯಕರೂ ಒಂದೇ ಸೋಫಾದ ಮೇಲೆ ಕೂತು ನಗುತ್ತಿದ್ದರು. ಇಬ್ಬರೂ ಸೇರಿ ಸರ್ಕಾರ ಮಾಡುತ್ತಾರೆ, ದೇಶದ ಹಿತಕ್ಕಾಗಿ ಹಳೆಯದನ್ನು ಮರೆತಿದ್ದಾರೆ ಎಂದು ಸುದ್ದಿ ಓದುವವಳು ಹೇಳಿದಳು. ಸ್ವಲ್ಪ ಹೊತ್ತಿಗೆ ಬೀದಿಯಲ್ಲೂ ಹಾಗೆಯೇ ಆಯಿತು. ಹಿಂದಿನ ದಿನ ಒಬ್ಬರ ತಲೆ ಒಬ್ಬರು ಒಡೆದವರು ಹೆಗಲ ಮೇಲೆ ಕೈ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಒಬ್ಬ ಹಳದಿ ಮತ್ತು ನೇರಳೆ ಬಾವುಟಗಳನ್ನು ಒಂದೇ ಕೋಲಿಗೆ ಕಟ್ಟಿ ಅಂಗಡಿ ಮುಂದೆ ನಿಲ್ಲಿಸಿದ್ದ. ಕ್ಲಿನಿಕ್ಕಿನ ಬೆಂಚಿನ ಮೇಲೆ ಕಾಲಿಗೆ ಪಟ್ಟಿ ಸುತ್ತಿಕೊಂಡವನೊಬ್ಬ, "ಹಾಗಾದ್ರೆ ನನ್ನ ಕಾಲು ಮುರಿದವನು ಇವತ್ತಿಂದ ನಮ್ಮೋನು" ಅಂದ. ಯಾರಿಗೂ ನಗು ತಡೆಯಲಾಗಲಿಲ್ಲ.

ಹೊಲಿಗೆಯಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮಗ ಎದ್ದು ಕೂತಿದ್ದ, ಹಸಿವು ಎನ್ನುತ್ತಿದ್ದ. ಅವನ ಹಳದಿ ಟೀಶರ್ಟು ರಕ್ತಕ್ಕೆ ಗಟ್ಟಿಯಾಗಿ ಹಪ್ಪಳದಂತೆ ನಿಂತಿತ್ತು. ಅಮ್ಮ ಒಗೆದಿಟ್ಟ ಬಟ್ಟೆಗಳತ್ತ ಕೈ ಹಾಕಿ ಮೇಲೆ ಸಿಕ್ಕಿದ್ದನ್ನು ಎಳೆದುಕೊಟ್ಟರು. ಅಷ್ಟು ದಿನ ಬಣ್ಣ ನೋಡದೆ ಯಾರಿಗೂ ಬಟ್ಟೆ ಕೊಟ್ಟವರಲ್ಲ.

"ಅಮ್ಮ, ಇದು ನೇರಳೆ" ಅಂದ ಮಗ.

"ಇವತ್ತಿಂದ ಎರಡೂ ಒಂದೇ ಅಂತಲ್ಲಪ್ಪ. ಒಗೆದಿದ್ದು, ಹಾಕ್ಕೋ."

ಮಗ ನಕ್ಕು ತಲೆ ತೂರಿಸಿದ. ಪಟ್ಟಿಗೆ ತಾಗದಂತೆ ಕುತ್ತಿಗೆಯ ಭಾಗವನ್ನು ಅಮ್ಮನೇ ಅಗಲಿಸಿ ಹಿಡಿದರು. ಲಾರಿ ಅಣ್ಣ ನೋಡಿದರೆ ಏನಂತಾನೋ ಎಂದು ತಮಾಷೆ ಮಾಡುತ್ತ ಅವನು ವ್ಯಾನ್ ಸ್ಟ್ಯಾಂಡಿನ ಕಡೆ ಹೋದ. ವ್ಯಾನಿನ ಸೀಟಿನಿಂದ ಗಾಜಿನ ಚೂರು ಆರಿಸಿ ಎಸೆದು, ಔಷಧಿಯ ಮಂಪರಿಗೆ ಅಲ್ಲೇ ನಿದ್ದೆ ಹೋದ.

ಮಧ್ಯಾಹ್ನದ ಹೊತ್ತಿಗೆ ಸೋಫಾ ಮುರಿದಿತ್ತು. ಗೃಹ ಖಾತೆ ತಮಗೇ ಬೇಕೆಂದು ಎರಡೂ ಕಡೆಯವರು ಹಟ ಹಿಡಿದು ಎದ್ದುಹೋಗಿದ್ದರು. ಬೆನ್ನಿಗೆ ಚೂರಿ ಹಾಕಿದರು ಎಂದು ಇಬ್ಬರೂ ಟೀವಿಯಲ್ಲಿ ಕೂಗಿದರು. ಬೀದಿಯಲ್ಲಿ ಹೆಗಲ ಮೇಲಿದ್ದ ಕೈಗಳು ಕುತ್ತಿಗೆಗೆ ಬಂದವು. ಬೆಳಿಗ್ಗೆ ಒಂದೇ ಕೋಲಿಗೆ ಎರಡು ಬಾವುಟ ಕಟ್ಟಿದವನಿಗೆ ಎರಡೂ ಕಡೆಯವರು ಸರದಿ ಪ್ರಕಾರ ಹೊಡೆದರು. ಲಾರಿ ತನ್ನವರನ್ನು ಕಟ್ಟಿಕೊಂಡು ವ್ಯಾನ್ ಸ್ಟ್ಯಾಂಡಿಗೆ ನುಗ್ಗಿದ. ಅಲ್ಲಿ ತೆರೆದ ಬಾಗಿಲಿನ ವ್ಯಾನಿನಲ್ಲಿ, ಹುಬ್ಬಿನ ತನಕ ಪಟ್ಟಿ ಸುತ್ತಿದ ಒಬ್ಬ ನೇರಳೆ ಟೀಶರ್ಟಿನವನು ಮಲಗಿದ್ದ. ತಮ್ಮವನ ವ್ಯಾನಿನಲ್ಲಿ ಕೊಡೆಯವನು ಮಲಗಿದ್ದಾನೆ, ಅಂದರೆ ವ್ಯಾನು ಕದಿಯಲು ಬಂದಿದ್ದಾನೆ ಎಂದುಕೊಂಡರು.

ಕಾಲು ಹಿಡಿದು ಎಳೆದರು. ಮಗನ ತಲೆ ಮೆಟ್ಟಿಲಿಗೆ ಬಡಿದು ಹೊಲಿಗೆ ಬಿಚ್ಚಿಕೊಂಡಿತು. ರಕ್ತ ಕಣ್ಣಿಗೆ, ಬಾಯಿಗೆ ಇಳಿಯಿತು. ಎದ್ದವನ ಮೊಣಕಾಲಿಗೆ ಪೈಪು ಬಿತ್ತು. ನೆಲದಲ್ಲಿ ಬಿದ್ದವನು ಮುಖ ಮುಚ್ಚಿಕೊಳ್ಳಲು ಎತ್ತಿದ ಬಲಗೈಯನ್ನು ಒಬ್ಬ ಚಪ್ಪಟೆ ಕಲ್ಲಿನ ಮೇಲೆ ಅದುಮಿ ಹಿಡಿದ. ಲಾರಿ ಅದರ ಮೇಲೆ ವ್ಯಾನಿನ ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡನ್ನು ಎತ್ತಿ ಎತ್ತಿ ಹಾಕಿದ. ಮಗ "ಲಾರಿ ಅಣ್ಣ, ಲಾರಿ ಅಣ್ಣ" ಎಂದು ಕೂಗಿದನಂತೆ. ಏಟು ತಿನ್ನುವಾಗ ಎಲ್ಲರೂ ಕೂಗುತ್ತಿದ್ದದ್ದು ಆ ಹೆಸರನ್ನೇ. ಲಾರಿಗೆ ಅದರಲ್ಲಿ ಹೊಸದೇನೂ ಕೇಳಿಸಲಿಲ್ಲ. ಕಿವಿಯ ಮೇಲೆ ಬೂಟುಗಾಲು ಇಟ್ಟು ತಿರುಚಿದ. ಗುಂಪು ಮುಂದೆ ಹೋಯಿತು.

ಆಮೇಲೆ ಯಾರೋ ಅವನನ್ನು ತಳ್ಳುಗಾಡಿಯಲ್ಲಿ ಹಾಕಿ ಕ್ಲಿನಿಕ್ಕಿಗೆ ತಂದರು. ಮುಖ ಊದಿ ರಕ್ತದಲ್ಲಿ ಮುಚ್ಚಿಹೋಗಿತ್ತು, ನೇರಳೆ ಬಟ್ಟೆ ಕತ್ತರಿಸಿ ತೆಗೆಯುವವರೆಗೆ ಹೊಲಿಗೆಯಮ್ಮನಿಗೂ ಇವನು ಯಾರೆಂದು ತಿಳಿಯಲಿಲ್ಲ. ಎದೆಯ ಮೇಲೆ, ಚಿಕ್ಕಂದಿನಲ್ಲಿ ಬಿಸಿನೀರು ಚೆಲ್ಲಿದ ಕಲೆಯಿತ್ತು. ಅದನ್ನು ನೋಡಿದರು. ಕತ್ತರಿ ಕೆಳಗಿಟ್ಟು ಗೋಡೆಗೆ ಒರಗಿದರು. ಇದು ಸೂಜಿ ದಾರದ ಕೆಲಸವಲ್ಲ ಎಂದು ಡಾಕ್ಟರು ದೊಡ್ಡಾಸ್ಪತ್ರೆಗೆ ಕಳಿಸಿದರು.

ಬದುಕುತ್ತಾನೋ ಇಲ್ಲವೋ ಎಂಬ ದಿನಗಳು ಕಳೆದು, ಬದುಕುತ್ತಾನೆ ಎಂಬ ದಿನ ಬಂತು. ಬಲಗೈ ಬೆರಳುಗಳು ಮುದುರಿಕೊಂಡು ಒಂದೇ ಗಂಟಾಗಿ ಉಳಿದವು. ಒಂದು ಕಿವಿ ಹೋಯಿತು. ಮಂಚದ ಪಕ್ಕ ಕೂತ ಅಮ್ಮ ಪ್ರಾರ್ಥನೆ ಮಾಡಲು ಹೋದರೆ ಮಾತು ಬರುತ್ತಿರಲಿಲ್ಲ, ಬಟ್ಟೆಯ ಬಣ್ಣವೇ ಕಣ್ಣಿಗೆ ಬರುತ್ತಿತ್ತು ಎಂದು ಎಷ್ಟೋ ಕಾಲದ ಮೇಲೆ ಹೇಳಿದರು. ಸೊಸೆ ಅವರನ್ನು ಒಂದು ಮಾತೂ ಅನ್ನಲಿಲ್ಲ. ಊಟದ ಡಬ್ಬಿ ತರುವಾಗ ಅತ್ತೆಗೂ ಒಂದು ಡಬ್ಬಿ ತಂದು, ತಿನ್ನುವವರೆಗೆ ಎದುರಿಗೇ ಕೂರುತ್ತಿದ್ದಳು.

ಅಮ್ಮ ಪೊಲೀಸ್ ಠಾಣೆಗೂ ಹೋದರು. ಅಧಿಕಾರಿ ಮರ್ಯಾದೆಯಿಂದಲೇ ಕೂರಿಸಿದರು, ನೀರು ತರಿಸಿದರು. "ಬರ್ಕೊಳ್ತೀನಮ್ಮ, ಬರ್ಕೊಳ್ಳದೆ ಏನು. ಸರ್ಕಾರ ಒಂದು ಆಗಲಿ. ಗೃಹಮಂತ್ರಿ ಯಾರು ಅಂತ ಗೊತ್ತಾಗೋವರೆಗೆ ನಾನು ಯಾರ ಪೊಲೀಸು ಅಂತ ನನಗೇ ಗೊತ್ತಿಲ್ಲ" ಅಂದರು.

ಲಾರಿ ಆಸ್ಪತ್ರೆಗೆ ಹಣ್ಣಿನ ಚೀಲ ಹಿಡಿದು ಬಂದ. ಅವನಿಗೆ ನಿಜವಾಗಿಯೂ ಬೇಸರವಾಗಿತ್ತು ಎಂದೇ ಅಮ್ಮ ಹೇಳುತ್ತಾರೆ. ಮಂಚದ ತುದಿಯಲ್ಲಿ ನಿಂತು ತಲೆ ಕೆರೆದುಕೊಂಡು, "ಗುಂಪಲ್ಲಿ ಮುಖ ಯಾರು ನೋಡ್ತಾರಮ್ಮ? ಬಟ್ಟೆ ನೋಡ್ತೀವಿ. ನೀನು ಆ ನೇರಳೆ ಯಾಕೋ ಹಾಕ್ಕೊಂಡೆ, ಹುಚ್ಚಪ್ಪ?" ಎಂದು ಕೇಳಿದ.

ಮಗ ಮುಖ ತಿರುಗಿಸಿದ.

"ಹಾಕ್ಸಿದ್ದು ನಾನು" ಅಂದರು ಅಮ್ಮ.

ಲಾರಿ ಅವರನ್ನೇ ನೋಡಿದ. ಅವನ ಮುಖ ಹಗುರವಾಯಿತು. "ಹಾಗಾದ್ರೆ ತಪ್ಪು ನಿಮ್ಮದೇ ಆಯ್ತಲ್ಲಮ್ಮ" ಎಂದು ಅವರ ಬೆನ್ನು ತಟ್ಟಿ, ಚೀಲ ಮೇಜಿನ ಮೇಲಿಟ್ಟು ಹೋದ. ಅವನ ಬೂಟಿನ ಸದ್ದು ಕಾರಿಡಾರಿನಲ್ಲಿ ಕರಗುವವರೆಗೆ ಮಗ ಅತ್ತಲೇ ನೋಡುತ್ತಿದ್ದ. ಅಂದಿನಿಂದ ಅವನು ಎಡಗೈಯಲ್ಲಿ ಲೋಟ ಎತ್ತುವುದು, ಬೀಗ ತಿರುಗಿಸುವುದು, ನೀರು ತುಂಬಿದ ಬಕೆಟ್ಟು ಹಿಡಿಯುವುದು ಅಭ್ಯಾಸ ಮಾಡತೊಡಗಿದ. ಕೆಲಸಕ್ಕೆ ಮರಳುವ ಆಸೆ ಎಂದು ಆಸ್ಪತ್ರೆಯ ಡಾಕ್ಟರು ಸಂತೋಷಪಟ್ಟರು. ಅಮ್ಮ ಪಡಲಿಲ್ಲ. ಎಷ್ಟೋ ಗಂಡಸರನ್ನು ಹೊಲಿದು ಕಳಿಸಿದವರು. ಬೀದಿಗೆ ಮರಳಬೇಕೆಂದು ಗುಣವಾಗುತ್ತಿರುವವನ ಕಣ್ಣು ಅವರಿಗೆ ಗೊತ್ತಿತ್ತು. ಈಗ ಅವರ ಬೇಡಿಕೆ ಬದಲಾಯಿತು. ಇವನನ್ನು ನನಗೆ ಉಳಿಸಿಕೊಟ್ಟೆ, ಇನ್ನೊಬ್ಬನ ರಕ್ತ ಇವನ ಕೈಗೆ ಹತ್ತದ ಹಾಗೆ ನೋಡಿಕೋ ಎಂದು ಕೇಳತೊಡಗಿದರು. ಮಗನಿಗೂ ನೇರವಾಗಿ ಹೇಳಿದರು. ಅವನು ಕೇಳಿಸದ ಕಿವಿಯನ್ನು ಅವರತ್ತ ತಿರುಗಿಸಿ ಕೂತಿದ್ದ.

ಮಗ ಮನೆಗೆ ಬಂದ ಮೇಲೆ ಸರ್ಕಾರವೂ ಬಂತು. ಗರಗಸ ಮತ್ತು ಕೊಡೆ ಮತ್ತೆ ಒಂದಾದವು. ಗೃಹ ಖಾತೆ ಇಬ್ಬರಿಗೂ ಬೇಡವೆಂದು ಸೇತುವೆಯವರಿಗೆ ಕೊಟ್ಟರು. ಮೊದಲ ದಿನವೇ ಹೀಗೆ ಮಾಡಬಹುದಿತ್ತಲ್ಲ ಎಂದು ಸೊಸೆ ಟೀವಿಯ ಮುಂದೆ ನಿಂತು ಹೇಳಿದಳು. ಲಾರಿಗೆ ಮಾರುಕಟ್ಟೆ ಸಮಿತಿಯ ಅಧ್ಯಕ್ಷ ಸ್ಥಾನ ಸಿಕ್ಕಿತೆಂದು ಬೀದಿಯಲ್ಲಿ ಮಾತಾಯಿತು.

ವಿಜಯದ ಮೆರವಣಿಗೆಯ ದಿನ ಅಮ್ಮ ಬೆಳಿಗ್ಗೆಯೇ ಕ್ಲಿನಿಕ್ಕಿಗೆ ಹೋಗಿದ್ದರು. ಸೊಸೆ ಓಡಿಬಂದಳು. ಇವರು ಮನೆಯಲ್ಲಿಲ್ಲ, ವ್ಯಾನಿನ ಜಾಕ್ ತಿರುಗಿಸುವ ರಾಡೂ ಇಲ್ಲ ಅಂದಳು. ಅಮ್ಮ ಕೈಯಲ್ಲಿದ್ದ ಹತ್ತಿಯನ್ನು ಡಾಕ್ಟರ ಕೈಗೆ ಕೊಟ್ಟು ಬರಿಗಾಲಲ್ಲೇ ಹೊರಟರು.

ಮಾರುಕಟ್ಟೆಯ ನಡುವೆ ತೆರೆದ ವಾಹನದ ಮೇಲೆ ಮೂರು ಪಕ್ಷದವರೂ ಕೈ ಕೈ ಹಿಡಿದು ನಿಂತಿದ್ದರು. ಫೋಟೋ ತೆಗೆದು ಮುಗಿಯುವವರೆಗೆ ಎಲ್ಲ ಚೆನ್ನಾಗಿತ್ತು. ವಾಹನ ಹೊರಡುವಾಗ ಮುಂದೆ ಯಾರ ಬಾವುಟ ಎಂಬ ಮಾತು ಬಂತು. ಹಳದಿ ಎಂದರು, ನೇರಳೆ ಎಂದರು. ಒಬ್ಬ ಇನ್ನೊಬ್ಬನ ಬಾವುಟ ಕಿತ್ತ. ಕಿತ್ತವನ ಕೆನ್ನೆಗೆ ಬಾವುಟದ ಕೋಲಿನ ತುದಿ ಹೊಕ್ಕು ಬಾಯೊಳಗೆ ಬಂತು. ಅಷ್ಟೇ ಸಾಕಾಯಿತು. ಕೋಲುಗಳೆಲ್ಲ ದೊಣ್ಣೆಗಳಾದವು. ವಾಹನದ ಮೇಲಿದ್ದವರು ಹಾರಿ ಓಡಿದರು. ಅಂಗಡಿಗಳ ಶಟರು ಧಡಧಡ ಇಳಿದವು. ಹೊರಗುಳಿದವರು ಅದಕ್ಕೆ ಬೆನ್ನು ಹಚ್ಚಿ ಏಟು ತಿಂದರು. ನೆಲದ ತುಂಬ ಹೂವು, ಚಪ್ಪಲಿ, ಹಲ್ಲು.

ಲಾರಿಗೆ ಯಾರದೋ ಕೋಲು ಮೊಣಕಾಲಿಗೆ ಬಿತ್ತು. ಅವನು ತರಕಾರಿ ಗಾಡಿಯ ಪಕ್ಕ ಕುಸಿದ. ಬಿಳಿ ಅಂಗಿ ತೊಟ್ಟ ಮಗ ಗಾಡಿಯ ಹಿಂದಿನಿಂದ ಬಂದ. ಎಡಗೈಯಲ್ಲಿ ರಾಡು. ಮೊದಲ ಹೊಡೆತಕ್ಕೆ ಲಾರಿಯ ಭುಜದ ಮೂಳೆ ಒಡೆದ ಸದ್ದು ಗುಂಪು ಸೀಳಿಕೊಂಡು ಬರುತ್ತಿದ್ದ ಅಮ್ಮನಿಗೆ ಆ ಗದ್ದಲದಲ್ಲೂ ಕೇಳಿಸಿತು. ಲಾರಿ ಮೊಣಕೈ ಊರಿ ಗಾಡಿಯ ಕಡೆಗೆ ತೆವಳುತ್ತ, "ಯಾರೋ, ಯಾರೋ ನೀನು" ಎಂದು ಕೇಳುತ್ತಿದ್ದ.

"ಗುಂಪಲ್ಲಿ ಮುಖ ಯಾರು ನೋಡ್ತಾರೆ, ಲಾರಿ ಅಣ್ಣ?" ಅಂದ ಮಗ. ರಾಡು ಮೇಲೆ ಹೋಯಿತು.

ಎರಡನೆಯ ಹೊಡೆತ ತಲೆಗೆ ಬೀಳುವುದರೊಳಗೆ ಹೊಲಿಗೆಯಮ್ಮ ನಡುವೆ ಬಂದು ಬಿದ್ದರು. ಲಾರಿಯ ನೆತ್ತಿಯ ಮೇಲೆ ಅವರ ಬಲಗೈ ಅಗಲವಾಗಿ ಹರಡಿತ್ತು. ರಾಡು ಅದರ ಮೇಲೆ ಬಿತ್ತು.

ಅವರು ಕೂಗಲಿಲ್ಲವಂತೆ. ಕೂಗಿದ್ದು ಮಗ. ರಾಡು ಬಿಟ್ಟು ಮೊಣಕಾಲೂರಿದ. ಸುತ್ತ ಜನ ಒಬ್ಬರನ್ನೊಬ್ಬರು ಹೊಡೆಯುತ್ತಲೇ ಇದ್ದರು. ಅವರ ಕಾಲುಗಳ ನಡುವೆ ಈ ಮೂವರು ನೆಲದಲ್ಲಿದ್ದರು. ಅಮ್ಮನ ಬೆರಳುಗಳು ಹಿಂದಕ್ಕೆ, ಪಕ್ಕಕ್ಕೆ, ಬೇರೆ ಬೇರೆ ಕಡೆ ತಿರುಗಿದ್ದವು. ಚರ್ಮ ಸೀಳಿ ಮೂಳೆಯ ಬಿಳಿ ಕಾಣುತ್ತಿತ್ತು. ಅವರ ರಕ್ತ ಲಾರಿಯ ಕೂದಲಿಗಿಳಿದು ಅವನ ಕಿವಿಯ ಪಕ್ಕದಲ್ಲಿ ಹರಿಯಿತು.

"ಸಾಕು. ನಡಿ ಮನೆಗೆ" ಅಂದರು ಅಮ್ಮ.

ಮಗ ಅವರ ಮುರಿದ ಕೈಯನ್ನು, ತುಂಬಿದ ಪಾತ್ರೆ ಹಿಡಿದಂತೆ ತನ್ನ ಕೈಮೇಲೆ ಇಟ್ಟುಕೊಂಡು ಗುಂಪಿನೊಳಗಿಂದ ನಡೆದ. ಇಬ್ಬರಿಗೂ ಆಮೇಲೆ ಒಂದೇ ಒಂದು ಏಟೂ ಬೀಳಲಿಲ್ಲ. ದೇವರ ದಯೆ ಎಂದು ಅಮ್ಮ ಹೇಳುತ್ತಾರೆ. ನಾನೂ ಹಾಗೆಯೇ ನಂಬುತ್ತೇನೆ.

ಕ್ಲಿನಿಕ್ಕಿನಲ್ಲಿ ಡಾಕ್ಟರು ಆ ಕೈ ನೋಡಿ ಕುರ್ಚಿಯಲ್ಲಿ ಕೂತುಬಿಟ್ಟರು. ಯಾರು ಮಾಡಿದ್ದು ಎಂದು ಕೇಳಿದರು. ಗುಂಪು ಎಂದರು ಅಮ್ಮ. ಅಲ್ಲೇ ನಿಂತಿದ್ದ ಮಗ, "ನಾನು" ಅಂದ. ಡಾಕ್ಟರು ಇಬ್ಬರನ್ನೂ ನೋಡಿ, ನಡುಗುವ ಕೈಯಲ್ಲೇ ಇಂಜೆಕ್ಷನ್ ತುಂಬಿಸಿದರು.

ಲಾರಿ ಬದುಕಿದ. ಅವನ ಭುಜ ಒಂದು ಕಡೆಗೆ ವಾಲಿತು. ಗಾಡಿಯ ಪಕ್ಕ ಬಿದ್ದಿದ್ದವನಿಗೆ ಯಾರು ಹೊಡೆದರು, ಯಾರು ತಡೆದರು ಎರಡೂ ಗೊತ್ತಿತ್ತು. ದೂರು ಕೊಡಲಿಲ್ಲ. ಕೊಟ್ಟರೆ ವ್ಯಾನ್ ಸ್ಟ್ಯಾಂಡಿನ ಕಥೆಯೂ ಹೊರಬರುತ್ತಿತ್ತು ಎಂದು ಕೆಲವರು ಹೇಳಿದರು. ನಾಚಿಕೆ ಎಂದು ಕೆಲವರು. ಅಮ್ಮನ ದೂರೂ ಠಾಣೆಯಲ್ಲಿ ಮುಂದೆ ಹೋಗಲಿಲ್ಲ. ಬೇರೆ ಮೊಕದ್ದಮೆಗಳನ್ನೂ ಸೌಹಾರ್ದದ ಹೆಸರಿನಲ್ಲಿ ಕೈಬಿಟ್ಟರು. ಆರು ತಿಂಗಳು ಬಾಳದು ಎಂದು ಎಲ್ಲರೂ ಹೇಳಿದ ಸರ್ಕಾರ ಪೂರ್ತಿ ಅವಧಿ ನಡೆಯಿತು.

ಹೊಲಿಗೆಯಮ್ಮ ಮತ್ತೆ ಸೂಜಿ ಹಿಡಿಯಲಿಲ್ಲ. ಕ್ಲಿನಿಕ್ಕಿಗೆ ಹೊಸ ನರ್ಸ್ ಬಂದಳು. ಹೆಸರು ಮಾತ್ರ ಇವರಿಗೇ ಉಳಿಯಿತು. ಮಗ ಬೀದಿಗಿಳಿಯುವುದು ನಿಲ್ಲಿಸಿದ. ಯಾರು ಬಂದು ಬೆನ್ನು ತಟ್ಟಿದರೂ ಬೆನ್ನು ಗಟ್ಟಿ ಮಾಡಿಕೊಂಡು ನಿಲ್ಲುತ್ತಿದ್ದ, ಗೋಡೆ ತಟ್ಟಿದಂತಾಗಿ ಅವರೇ ಕೈ ಹಿಂತೆಗೆದುಕೊಳ್ಳುತ್ತಿದ್ದರು. ಮೊದಮೊದಲು ಅವನು ಊಟವನ್ನೂ ಬಿಟ್ಟಿದ್ದ. ಅಮ್ಮ ಒಂದು ದಿನ, "ನೀನು ತಿನ್ನದಿದ್ರೆ ಹೋಗಲಿ, ನನಗಾದ್ರೂ ತಿನ್ನಿಸು. ನನ್ನ ಕೈ ಈಗ ನನ್ನ ಮಾತು ಕೇಳಲ್ಲ" ಅಂದರು. ಅಂದಿನಿಂದ ಅವನೇ ತಟ್ಟೆ ಹಿಡಿದು ಕೂರತೊಡಗಿದ. ಸೊಸೆ ಕೆಲಸಕ್ಕೆ ಹೋದ ಮೇಲೆ ಇಬ್ಬರೂ ಅಡುಗೆಮನೆಯ ನೆಲದಲ್ಲಿ ಎದುರುಬದುರಾಗಿ ಕೂರುತ್ತಿದ್ದರು. ಅವನ ಎಡಗೈ ತುತ್ತು ಮಾಡಲು ಕಲಿಯುತ್ತಿತ್ತು. ಅನ್ನ ಅರ್ಧ ಅಮ್ಮನ ಬಾಯಿಗೆ, ಅರ್ಧ ಸೆರಗಿಗೆ.

ಅಂಥದೊಂದು ಮಧ್ಯಾಹ್ನ ಅವನು ತಟ್ಟೆ ನೋಡುತ್ತಲೇ ಕೇಳಿದನಂತೆ, ಬಹಳ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು.

"ಅಮ್ಮ, ಹೊಲಿಯೋ ಕೈನೇ ಯಾಕೆ ಅಡ್ಡ ಕೊಟ್ಟೆ? ಎಡಗೈ ಕೊಟ್ಟಿದ್ರೆ ಆಗ್ತಿರಲಿಲ್ವಾ?"

"ಎಡಗೈಯಲ್ಲಿ ನಿನ್ನನ್ನ ಹಿಡ್ಕೊಂಡಿದ್ದೆ ಕಣೋ" ಎಂದರು ಅಮ್ಮ, ಮತ್ತೆ ಬಾಯಿ ತೆರೆದು ತುತ್ತಿಗಾಗಿ ಕಾದರು.